ಹಳೇ ಸಿಪ್ಯಾಪ್ ಮಷಿನ್ ಇಟ್ಕೊಳ್ಳೋದಾ, ಬದಲಾಯ್ಸೋದಾ?

ಪ್ರಶ್ನೆ: ಸರ್, ನಮ್ಮ ಅಪ್ಪನಿಗೆ ಸ್ಲೀಪ್ ಅಪ್ನಿಯಾ (ನಿದ್ದೇಲಿ ಗಂಟಲು ಮುಚ್ಕೊಂಡು ಉಸಿರು ನಿಂತು ನಿಂತು ಬರೋ ತೊಂದರೆ), ಅದಕ್ಕೆ ಮಾಸ್ಕಲ್ಲಿ ಗಾಳಿ ಒತ್ತಿ ಕೊಡೋ ಸಿಪ್ಯಾಪ್ ಮಷಿನ್ ತಗೊಂಡು ಆರು ವರ್ಷ ದಾಟ್ತು. ಈಗ ರಾತ್ರಿಯೆಲ್ಲಾ ಕೀ ಅಂತ ಸೌಂಡು, ಸ್ಕ್ರೀನಲ್ಲಿ 'ಮೋಟರ್ ಲೈಫ್ ಎಕ್ಸೀಡೆಡ್' ಅಂತ ಬೇರೆ ಬರ್ತಿದೆ. ಗಾಳಿ ಚೆನ್ನಾಗೇ ಬರ್ತಿದ್ಯಲ್ಲ ಬಿಡೋ ಅಂತಾರೆ ಅಪ್ಪ. ಓಡಿಸಬಹುದಾ?

ಉತ್ತರ: ಆ ಮೆಸೇಜ್ ನೋಡಿ ಗಾಬರಿ ಬೀಳ್ಬೇಡಿ. ಮೋಟರ್ ಇಷ್ಟು ಗಂಟೆ ಓಡಿದೆ ಅಂತ ಮಷಿನ್ ಲೆಕ್ಕ ಇಟ್ಕೊಂಡಿರುತ್ತೆ, ಲೆಕ್ಕ ಮೀರಿದ್ರೆ ಹೇಳುತ್ತೆ, ಇವತ್ತೇ ಕೆಟ್ಟೋಯ್ತು ಅಂತಲ್ಲ. ಸಾಮಾನ್ಯವಾಗಿ ಇವಕ್ಕೆ 5 ವರ್ಷ ಆಯಸ್ಸು ಅಂತ ಲೆಕ್ಕ ಹಾಕ್ತಾರೆ, ಅದಕ್ಕಿಂತ ಜಾಸ್ತಿ ಓಡೋವೂ ಬೇಕಾದಷ್ಟಿವೆ.

ಮೊದಲು ಸೌಂಡು ಎಲ್ಲಿಂದ ಅಂತ ಹಿಡೀರಿ. ಮಾಸ್ಕನ್ನ ಮುಖಕ್ಕೆ ಒತ್ತಿ ಹಿಡಿದಾಗ ಸೌಂಡು ಬದಲಾದ್ರೆ ಅದು ಲೀಕು, ಕುಶನ್ ಬದಲಾಯಿಸಿದ್ರೆ ಮುಗೀತು. ಪೈಪ್ ಮೇಲೆ ಅನುಮಾನ ಇದ್ರೆ ಮಷಿನ್‌ನಿಂದ ಬಿಚ್ಚಿ, ಒಂದು ತುದಿ ಅಂಗೈಯಲ್ಲಿ ಮುಚ್ಚಿ, ಮಧ್ಯದ ಭಾಗ ಬಕೆಟ್ ನೀರಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿ, ತೂತಿದ್ದ ಕಡೆ ಗುಳ್ಳೆ ಬರುತ್ತೆ (ಒಳಗೆ ವೈರ್ ಇರೋ ಹೀಟೆಡ್ ಪೈಪಿಗೆ ಇದು ಬೇಡ). ನೀರಿನ ಟ್ಯಾಂಕಿನ ರಬ್ಬರ್ ಸೀಲ್, ಕಪ್ಪಾಗಿರೋ ಫಿಲ್ಟರ್, ಇವನ್ನೂ ನೋಡಿಬಿಡಿ. ಇದೆಲ್ಲಾ ಸರಿ ಇದ್ದು, ಡಬ್ಬದೊಳಗಿಂದಲೇ ಕೀರಲು ಬರ್ತಿದ್ದು ಪ್ರೆಶರ್ ಏರಿದಂಗೆ ಅದೂ ಏರಿದ್ರೆ ಬ್ಲೋವರ್ (ಗಾಳಿ ಊದೋ ಫ್ಯಾನ್) ಬೇರಿಂಗ್ ಸವೆದಿದೆ ಅಂತಲೇ ತಿಳ್ಕೊಳ್ಳಿ.

ಇನ್ನು ಅಪ್ಪನ ಮಾತು. ಈ ಮಷಿನ್ ಕೊಡೋದು 4ರಿಂದ 20 ಸೆಂಟಿಮೀಟರ್ ನೀರಿನಷ್ಟು ಪ್ರೆಶರ್. 10 ಬರ್ಬೇಕಾದ ಕಡೆ 7 ಬಂದ್ರೆ ಮೂಗಿಗೆ ಏನೂ ಗೊತ್ತಾಗಲ್ಲ, ಆದ್ರೆ ಗಂಟಲು ಮತ್ತೆ ಮುಚ್ಕೊಳ್ಳೋಕೆ ಶುರುವಾಗುತ್ತೆ, ಹಗಲು ತೂಕಡಿಕೆ ವಾಪಸ್ ಬರುತ್ತೆ. ಅದಕ್ಕೆ ಮಷಿನ್ ಕೊಟ್ಟೋರ ಹತ್ರ ಮಾನೋಮೀಟರ್ (ಪ್ರೆಶರ್ ಅಳೆಯೋ ಸಾಧನ) ಹಾಕಿ ಅಳೆಸಿ. ದೊಡ್ಡ ವಿದ್ಯೆ ಏನಲ್ಲ, ಯು ಆಕಾರದ ಪೈಪಲ್ಲಿ ನೀರು ತುಂಬಿ ಒಂದು ಕಡೆ ಮಷಿನ್ ಪ್ರೆಶರ್ ಕೊಟ್ರೆ ಎರಡೂ ಬದಿ ನೀರಿನ ಮಟ್ಟದ ವ್ಯತ್ಯಾಸ ಎಷ್ಟು ಸೆಂಟಿಮೀಟರೋ ಅದೇ ಪ್ರೆಶರ್. ಅಳತೆ ಸರಿ ಬಂದ್ರೆ ಓಡ್ಸಿ, ಹೊಸದಕ್ಕೆ ನಿಧಾನಕ್ಕೆ ತಯಾರಿ ಮಾಡ್ಕೊಳ್ಳಿ. ಹೊಸ ಮೋಟರ್ ಹಾಕಿಸಿದ್ರೂ ಆಮೇಲೆ ಈ ಅಳತೆ ಆಗ್ಲೇಬೇಕು, ಒಳಗಿನ ಸರ್ಕ್ಯೂಟ್ ಬೋರ್ಡೂ ಕೈಕೊಟ್ಟಿದ್ರೆ ರಿಪೇರಿ ಬಿಟ್ಟು ಹೊಸದೇ ತಗೊಳ್ಳಿ.

ಪ್ರಶ್ನೆ: ನಂದು ಫಿಲಿಪ್ಸ್ ಕಂಪನಿಯ ಮೊದಲನೇ ಡ್ರೀಮ್‌ಸ್ಟೇಷನ್ ಸಿಪ್ಯಾಪ್. ಒಳಗಿನ ಸ್ಪಾಂಜ್ ಪುಡಿ ಆಗುತ್ತಂತೆ, ಕಿತ್ತು ಬಿಸಾಕಿ ಬಳಸ್ಲಾ?

ಉತ್ತರ: ಬೇಡವೇ ಬೇಡ. 2021ರ ಜೂನಲ್ಲಿ ಫಿಲಿಪ್ಸ್ ಈ ಮಷಿನ್‌ಗಳನ್ನ ರಿಕಾಲ್ ಮಾಡಿದ್ದು (ವಾಪಸ್ ಕರೆಸ್ಕೊಂಡಿದ್ದು) ಇದಕ್ಕೇ. ಸೌಂಡು ಕಮ್ಮಿ ಮಾಡೋಕೆ ಹಾಕಿದ ಪಾಲಿಯೂರಿಥೇನ್ ಫೋಮು ಗಾಳಿ ಹೋಗೋ ದಾರಿಯಲ್ಲೇ ಇದೆ, ಬಿಸಿ ಮತ್ತು ತೇವಕ್ಕೆ ಹಾಳಾಗುತ್ತೆ, ಓಝೋನ್ ಕ್ಲೀನರ್ ಬಳಸಿದ್ರೆ ಇನ್ನೂ ಬೇಗ. ನೀವು ಕಿತ್ತರೂ ಚೂರುಗಳು ಒಳಗೇ ಉಳಿದು ನಿಮ್ಮ ಶ್ವಾಸಕೋಶಕ್ಕೇ ಹೋಗ್ಬಹುದು, ಗಾಳಿಯ ಹರಿವೂ ಬದಲಾಗುತ್ತೆ. ಸೀರಿಯಲ್ ನಂಬರ್ ಕೊಟ್ಟು ಕಂಪನಿ ಹತ್ರ ವಿಚಾರಿಸಿ, ಸರಿಪಡಿಸಿದ ಮಷಿನ್‌ಗಳಲ್ಲಿ ಸಿಲಿಕೋನ್ ಫೋಮ್ ಇರುತ್ತೆ. ಹಾಗಂತ ಹೆದರಿ ಇವತ್ತೇ ನಿಲ್ಲಿಸೋದೂ ಬೇಡ, ಡಾಕ್ಟರ್ ಹತ್ರ ಮಾತಾಡಿ ತೀರ್ಮಾನ ಮಾಡಿ.

ಪ್ರಶ್ನೆ: ಹೊಸದು ಬಂತು. ಹಳೇದು ಚೆನ್ನಾಗೇ ಇದೆ, ಗೊರಕೆ ಹೊಡೆಯೋ ಭಾವನಿಗೆ ಕೊಡ್ಲಾ?

ಉತ್ತರ: ಭಾವನ ಮೇಲೆ ಪ್ರೀತಿ ಇದ್ರೆ ಮೊದಲು ಸ್ಲೀಪ್ ಟೆಸ್ಟ್ ಮಾಡಿಸಿ. ಗೊರಕೆ ಹೊಡೆಯೋರೆಲ್ಲಾ ಅಪ್ನಿಯಾ ಪೇಷಂಟ್ ಅಲ್ಲ, ನಿಮ್ಮ ಪ್ರೆಶರ್ ಸೆಟ್ಟಿಂಗ್ ಅವರಿಗೆ ಹೊಂದುತ್ತೆ ಅಂತಲೂ ಇಲ್ಲ. ಡಾಕ್ಟರೇ ಬರೆದುಕೊಟ್ರೆ ಮಾಸ್ಕ್, ಪೈಪ್, ಟ್ಯಾಂಕ್, ಫಿಲ್ಟರ್ ಎಲ್ಲಾ ಹೊಸದು ಹಾಕಿ, ಸೆಟ್ಟಿಂಗ್ ಅವರಿಗೆ ತಕ್ಕಂತೆ ಮಾಡಿಸಿ, ಎಸ್‌ಡಿ ಕಾರ್ಡ್ ತೆಗೆದು ನಿಮ್ಮ ಡೇಟಾ ಅಳಿಸಿ ಕೊಡಿ. ನನ್ನ ಕೇಳಿದ್ರೆ ಸ್ಪೇರ್ ಆಗಿ ನೀವೇ ಇಟ್ಕೊಳ್ಳಿ, ಟ್ಯಾಂಕ್ ಖಾಲಿ ಮಾಡಿ ಒಣಗಿಸಿಟ್ಟು ಆಗಾಗ ಆನ್ ಮಾಡ್ತಾ ಇರಿ.

ಅಡಾಪ್ಟರ್ ಮಾತ್ರ ಅದರದ್ದೇ ಜೊತೆಗಿಡಿ. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10ಕ್ಕೆ 24 ವೋಲ್ಟ್, ಡ್ರೀಮ್‌ಸ್ಟೇಷನ್‌ಗೆ 12, ಡ್ರಾಯರಲ್ಲಿ ಕಲಸುಮೇಲೋಗರ ಆದ್ರೆ ಯಾವುದು ಯಾವುದಕ್ಕೆ ಅಂತ ರಾತ್ರಿ ಬೇಕಾದಾಗ ಹುಡುಕ್ಬೇಕಾಗುತ್ತೆ. ಪೂರ್ತಿ ಸತ್ತಿದ್ರೆ ಕಸದ ಬುಟ್ಟಿಗೆ ಬೇಡ, ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ.