ಸೈಕಲ್ ಪ್ರಶ್ನೋತ್ತರ: ಫ್ರೇಮ್ ಬದಲಿಸಬೇಕೇ, ಟೈರ್ ಸಾಕೇ?

ಪ್ರಶ್ನೆ: ನನ್ನದು ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್ ಸೈಕಲ್, 32 ಮಿ.ಮೀ. ಟೈರು, 80 ಪಿಎಸ್‌ಐ ಗಾಳಿ. ನನ್ನ ತೂಕ 72 ಕೆ.ಜಿ. ಮುಳ್ಳಯ್ಯನಗಿರಿಯಿಂದ ಕೈಮರಕ್ಕೆ ಇಳಿಯುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತದೆ. ಸ್ಟೀಲ್ ಫ್ರೇಮ್ ಹಾಕಿಸಿದರೆ ಸರಿಹೋದೀತೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಫ್ರೇಮಿಗೆ ದುಡ್ಡು ಸುರಿಯುವ ಮೊದಲು ಗಾಳಿ ಇಳಿಸಿ ನೋಡಿ. ಲೋಹವಾಗಿ ನೋಡಿದರೆ ಸ್ಟೀಲೇ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಬಿಗಿ. ಆದರೂ ‘ಅಲ್ಯೂಮಿನಿಯಂ ಗಡುಸು’ ಎಂಬ ಹೆಸರು ಬಂದದ್ದು ಕೊಳವೆಯ ಗಾತ್ರದಿಂದ. ಬಾಗಿ ಬಾಗಿ ಬಿರುಕು ಬಿಡುವ ಲೋಹವಾದ್ದರಿಂದ ತಯಾರಕರು ಕೊಳವೆಯನ್ನು ದಪ್ಪಗೆ ಮಾಡುತ್ತಾರೆ. ಗೋಡೆ ಅಷ್ಟೇ ಇದ್ದು ವ್ಯಾಸ ದುಪ್ಪಟ್ಟಾದರೆ ಬಿಗಿತ ಸುಮಾರು ಎಂಟು ಪಟ್ಟಾಗುತ್ತದೆ. ಕಾರ್ಬನ್ನಿನದು ಬೇರೆಯೇ ಲೆಕ್ಕ, ಎಳೆಗಳನ್ನು ಯಾವ ದಿಕ್ಕಿಗೆ ಹಾಸಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಏನೇ ಇರಲಿ, ತ್ರಿಕೋನ ಕಟ್ಟಿನ ಫ್ರೇಮು ಮೇಲೆ ಕೆಳಗೆ ಬಾಗುವುದು ತೀರಾ ಅಲ್ಪ. ಅದರ ಹಲವು ಪಟ್ಟು ಅಮುಕಿಕೊಳ್ಳುವುದು ಟೈರು.

ಹಿಂದೆ 55, ಮುಂದೆ 50 ಪಿಎಸ್‌ಐನಿಂದ ಶುರುಮಾಡಿ. ಪ್ರತಿ ಸಲ 3 ಪಿಎಸ್‌ಐ ಇಳಿಸುತ್ತ ಅದೇ ರಸ್ತೆಯಲ್ಲಿ ಓಡಿಸಿ. ಟೈರಿನ ಬದಿಯಲ್ಲಿ ಬರೆದ ಕನಿಷ್ಠ ಮಿತಿ ದಾಟಬೇಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದರೆ ಗುಂಡಿಯಲ್ಲಿ ರಿಮ್ ಟ್ಯೂಬನ್ನು ಕಚ್ಚಿದೆ ಎಂದರ್ಥ; 5 ಪಿಎಸ್‌ಐ ಏರಿಸಿ. ಫೋರ್ಕಿನಲ್ಲಿ, ಹಿಂದಿನ ಸ್ಟೇಗಳಲ್ಲಿ (ಹಿಂಚಕ್ರವನ್ನು ಹಿಡಿದ ಕೊಳವೆಗಳಲ್ಲಿ) ಎರಡೂ ಬದಿ 5 ಮಿ.ಮೀ. ಜಾಗ ಉಳಿಯುವುದಾದರೆ 38ರ ಟೈರು ಹಾಕಿಸಿ, ಅದಕ್ಕೆ 40ರ ಆಸುಪಾಸು ಗಾಳಿ ಸಾಕು. ಸೀಟಿನ ಮೂತಿ ಕೆಳಮುಖವಾಗಿದ್ದರೆ ಮೈಭಾರವೆಲ್ಲ ಅಂಗೈಗೆ ಬೀಳುತ್ತದೆ, ಅದನ್ನೂ ಮಟ್ಟಮಾಡಿ. ಇಷ್ಟಾದ ಮೇಲೂ ಜೋಮು ಬಿಡದಿದ್ದರೆ ಫ್ರೇಮಲ್ಲ, ಹ್ಯಾಂಡಲ್ಲಿನ ಎತ್ತರ ನೋಡಬೇಕು.

ಪ್ರಶ್ನೆ: ಸ್ಟೀಲ್ ಫ್ರೇಮು ನಮ್ಮ ಮಳೆಗೆ ಬಾಳುತ್ತದೆಯೇ?
– ಓದುಗರು, ಸಕಲೇಶಪುರ

ಉತ್ತರ: ಬಾಳುತ್ತದೆ, ಒಳಗಿನ ನೀರು ಹೊರಹೋದರೆ. ಸೀಟ್‌ಪೋಸ್ಟಿನ ಬಾಯಿಂದ ಇಳಿದ ನೀರು ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಮಿನುಗುತ್ತಿರುತ್ತದೆ. ಜೂನ್‌ಗೆ ಮುಂಚೆ ಸೀಟ್‌ಪೋಸ್ಟ್ ಕಳಚಿ, ಒಳಗೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ, ಫ್ರೇಮನ್ನು ಎಲ್ಲ ಕಡೆಗೂ ಹೊರಳಿಸಿ. ಬ್ರಾಕೆಟ್ಟಿನ ತಳದ ತೂತು ಕೆಸರು ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ಪೋಸ್ಟಿಗೆ ಗ್ರೀಸ್ ಹಚ್ಚಿಯೇ ಮತ್ತೆ ಇಳಿಸಿ: ಅಲ್ಯೂಮಿನಿಯಂ ಪೋಸ್ಟು ಸ್ಟೀಲಿನೊಳಗೆ ಒದ್ದೆಯಲ್ಲೇ ಕೂತರೆ ಎರಡೂ ಕಚ್ಚಿಕೊಂಡು, ಕೊನೆಗೆ ಗರಗಸವೇ ಗತಿ.