ತೈವಾನ್‌ಗೆ ಮೊದಲು ಬೇಕಾದದ್ದು ಯಾವುದು?

ಮಾನ್ಯರೇ,

ತೈವಾನ್ ಕುರಿತ ನಮ್ಮ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ‘ಚೀನಾದಂಥ ಬಲಾಢ್ಯ ಎದುರಿಗಿರುವಾಗ, ಕೈಯಲ್ಲಿ ಕಾಸಿರುವ ದೇಶ ಯುದ್ಧವಿಮಾನ, ಜಲಾಂತರ್ಗಾಮಿಗಳನ್ನು ಗುಡ್ಡೆ ಹಾಕುವುದು ಬಿಟ್ಟು ಲಾರಿ ಮೇಲಿನ ಕ್ಷಿಪಣಿ, ಡ್ರೋನ್ ಎನ್ನುತ್ತ ಕೂರುವುದು ಹೇಡಿತನವಲ್ಲವೇ?’ ಎಂದು ಕೇಳಿದ್ದೀರಿ. ನಿಮ್ಮ ಕಳಕಳಿ ನನ್ನದೂ ಹೌದು. ಹೇಡಿತನ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಹಡಗುಗಳ ಲೆಕ್ಕದಲ್ಲಿ ಚೀನಾದ ನೌಕಾಪಡೆ ಇವತ್ತು ಜಗತ್ತಿನಲ್ಲೇ ದೊಡ್ಡದು. ಅದರೊಂದಿಗೆ ಹಡಗಿಗೆ ಹಡಗು, ವಿಮಾನಕ್ಕೆ ವಿಮಾನ ಎಂದು ಪೈಪೋಟಿಗಿಳಿದರೆ ಸುಮಾರು 2.3 ಕೋಟಿ ಜನರ ದ್ವೀಪ ಗೆಲ್ಲುವುದುಂಟೇ? 2019ರಲ್ಲಿ ಅಮೆರಿಕ ಸುಮಾರು 800 ಕೋಟಿ ಡಾಲರ್‌ಗೆ 66 ಎಫ್-16 ವಿಮಾನ ಮಾರಲು ಒಪ್ಪಿತು. ದಿನವೂ ಹತ್ತಿರ ಸುಳಿಯುವ ಚೀನೀ ವಿಮಾನಗಳ ಮೇಲೆ ಕಣ್ಣಿಡಲು ಅವು ಬೇಕು, ನಿಜ. ಆದರೆ ವಿಮಾನಕ್ಕೆ ರನ್‌ವೇ ಬೇಕು, ರನ್‌ವೇ ಅಡಗಿಸಿಡಲಾಗದು. ಲಾರಿಯ ಮೇಲಿನ ಕ್ಷಿಪಣಿ ಸುರಂಗದಿಂದ ಹೊರಬಂದು, ಗುರಿಯಿಟ್ಟು, ಮತ್ತೆ ಮರೆಯಾಗಬಲ್ಲದು. ದಂಡೆತ್ತಿ ಬರುವವರು ಚೀನಾ–ತೈವಾನ್ ನಡುವಿನ ಜಲಸಂಧಿಯ ತೀರ ಕಿರಿದಾದ ಕಡೆಯಲ್ಲೂ ಸುಮಾರು 130 ಕಿ.ಮೀ. ನೀರು ದಾಟಬೇಕು. 2022ರ ಏಪ್ರಿಲ್‌ನಲ್ಲಿ, ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಉಕ್ರೇನ್ ದಡದಿಂದ ಹಾರಿಸಿದ ನೆಪ್ಚೂನ್ ಕ್ಷಿಪಣಿಗಳು ರಷ್ಯಾದ ‘ಮಾಸ್ಕ್ವಾ’ ಯುದ್ಧನೌಕೆಯನ್ನು ಮುಳುಗಿಸಿದ್ದನ್ನು ನೆನೆಯಿರಿ. ತೈವಾನ್‌ನ ಸೇನಾ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಲೀ ಸಿ-ಮಿನ್ ಇದೇ ದಾರಿಯನ್ನು 2017ರಲ್ಲೇ ತೋರಿಸಿದ್ದರು.

ಇಷ್ಟಾದರೂ ನನ್ನ ನಿದ್ದೆಗೆಡಿಸುವುದು ಆಯುಧದ ಪ್ರಶ್ನೆಯಲ್ಲ. ಚೀನಾ ದಡಕ್ಕೆ ಕಾಲಿಡದೆ, ಸುಮ್ಮನೆ ಸುತ್ತುವರಿದು ನಿಂತರೆ? ತೈವಾನ್ ಬಳಸುವ ಇಂಧನದಲ್ಲಿ ಶೇ 95ಕ್ಕೂ ಹೆಚ್ಚು ಬರುವುದು ಹೊರಗಿನಿಂದ. ವಿದ್ಯುತ್ತಿಗೆ ದೊಡ್ಡ ಆಸರೆ ನೈಸರ್ಗಿಕ ಅನಿಲ. ಅದರ ದಾಸ್ತಾನು ಸುಮಾರು ಹನ್ನೊಂದು ದಿನಕ್ಕೆ ಸಾಲುವಷ್ಟು. ಹೀಗಿದ್ದೂ 2025ರ ಮೇ ತಿಂಗಳಲ್ಲಿ ಕೊನೆಯ ಅಣು ರಿಯಾಕ್ಟರನ್ನೂ ನಿಲ್ಲಿಸಿದರು. ಅದಕ್ಕೆ ಅವರದೇ ಕಾರಣಗಳಿದ್ದವು, ಆದರೂ ಈ ಹೊತ್ತಿನಲ್ಲಿ ಅದು ತಪ್ಪು ಎಂದೇ ನನ್ನ ಎಣಿಕೆ. ಕರೆಂಟ್ ಹೋದರೆ ರೇಡಾರ್‌ಗೆ ಜನರೇಟರ್ ಇದ್ದೀತು, ಊರಿನ ನೀರಿನ ಪಂಪಿಗೆ?

ಚೀನಾ ಕರಾವಳಿಯ ಪಕ್ಕದಲ್ಲೇ ಇರುವ, ತೈವಾನ್ ಆಡಳಿತದ ಮಾತ್ಸು ದ್ವೀಪದವರು ಇದರ ರುಚಿಯನ್ನು ಆಗಲೇ ಕಂಡಿದ್ದಾರೆ. 2023ರ ಫೆಬ್ರುವರಿಯಲ್ಲಿ ಸಮುದ್ರದಡಿಯ ಎರಡೂ ಕೇಬಲ್‌ಗಳು ತುಂಡಾಗಿ, ವಾರಗಟ್ಟಲೆ ಇಂಟರ್‌ನೆಟ್ ತೆವಳಿತು. ಒಂದು ಗುಂಡೂ ಹಾರಲಿಲ್ಲ.

ಕಡ್ಡಾಯ ಸೈನಿಕ ಸೇವೆಯನ್ನು 2024ರಿಂದ ನಾಲ್ಕು ತಿಂಗಳ ಬದಲು ಒಂದು ವರ್ಷಕ್ಕೆ ಏರಿಸಿದ್ದು ಸರಿಯಾದ ಹೆಜ್ಜೆ. ಆದರೆ ಆ ಹುಡುಗರು ಕಾದಾಡುವಾಗ ಮನೆಯಲ್ಲಿ ದೀಪ ಉರಿಯುತ್ತಿರಬೇಕಲ್ಲ.

ಜಲಾಂತರ್ಗಾಮಿಯ ವಿಷಯ ಕೇಳಿದ್ದೀರಿ. ತೈವಾನ್ ತಾನೇ ಕಟ್ಟಿ 2023ರಲ್ಲಿ ಅನಾವರಣಗೊಳಿಸಿದ ‘ಹಾಯ್‌ಕುನ್’ಗೆ ತಗುಲಿದ್ದು ಸುಮಾರು 150 ಕೋಟಿ ಡಾಲರ್; ಇಂಥ ಎಂಟು ಬೇಕೆಂಬುದು ಯೋಜನೆ. ಖಜಾನೆಯ ಕೀಲಿ ನನ್ನ ಕೈಲಿದ್ದರೆ ಮೊದಲು ಅನಿಲದ ಟ್ಯಾಂಕ್‌ಗಳನ್ನು ಕಟ್ಟಿಸಿ ತುಂಬಿಸುತ್ತಿದ್ದೆ, ಆಮೇಲೆ ಕ್ಷಿಪಣಿ ಮತ್ತು ಹಡಗುಗಳನ್ನು ಸಿಡಿಸಲು ನೀರಿನಲ್ಲಿ ಹುದುಗಿಸುವ ಮೈನ್‌ಗಳು. ಉಳಿದ ಏಳು ಜಲಾಂತರ್ಗಾಮಿಗಳ ಸರದಿ ಅದಾದ ಮೇಲೆ.

– ಸಂಪಾದಕ