ದಾರದಂಥ ಬಾಲದ ಗುಲಾಬಿ ಹೂ ಯಾವುದು?

ಪ್ರಶ್ನೆ: ಆಗಸ್ಟ್‌ನಲ್ಲಿ ಕೊಟ್ಟಿಗೆಹಾರದ ಆಚೆ, ಒರತೆ ನೀರು ಜಿನುಗುವ ಹುಲ್ಲುಗುಡ್ಡದಲ್ಲಿ ಗುಲಾಬಿ ಬಣ್ಣದ ಹೂಗಳನ್ನು ಕಂಡೆ. ಗಿಡ ಮೊಣಕಾಲೆತ್ತರವೂ ಇಲ್ಲ. ಸಪೂರ ಎಲೆಗಳು ಎದುರುಬದುರು ಜೋಡಿ. ಹೂವಿನ ಹಿಂದೆ ದಾರದಂಥ ಉದ್ದ ಬಾಲ. ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಅಂಗಳದ ಕರ್ಣಕುಂಡಲವೇ ಕಾಡಿಗೆ ಹೋಗಿ ಹೀಗಾಗಿದೆಯೇ? ಒಂದು ಗಿಡ ತಂದು ಕುಂಡದಲ್ಲಿ ನೆಡಬಹುದೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬಣ್ಣದ ಜೊತೆ ಎಲೆ, ಬಾಲ, ಕಾಯಿ ಎಲ್ಲವನ್ನೂ ನೋಡಿ ಬರೆದಿದ್ದೀರಿ, ಬಹಳ ಸಂತೋಷ. ‘ಗುಲಾಬಿ ಹೂ’ ಎಂದಷ್ಟೇ ಬರೆದಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ಮಳೆಗಾಲದ ಘಟ್ಟದಲ್ಲಿ ಆ ಬಣ್ಣದ ಇಂಪೇಶಿಯನ್ಸ್‌ಗಳೇ, ಅಂದರೆ ಕರ್ಣಕುಂಡಲದ ಕುಲದ ಗಿಡಗಳೇ, ಹಲವಾರಿವೆ.

ನೀವು ಕಂಡದ್ದು ಇಂಪೇಶಿಯನ್ಸ್ ಚೈನೆನ್ಸಿಸ್. ಕರ್ಣಕುಂಡಲಕ್ಕೆ ದಾಯಾದಿ, ಆದರೆ ಬೇರೆಯೇ ಪ್ರಭೇದ. ನಮ್ಮ ಘಟ್ಟಗಳಲ್ಲಿ ತಾನಾಗಿ ಬೆಳೆಯುವ ಸ್ಥಳೀಯ ಗಿಡ, ಚೀನಾದವರೆಗೂ ಹರಡಿದೆ. ಕರ್ಣಕುಂಡಲದ ಎಲೆಗಳು ಕಾಂಡದ ಮೇಲೆ ಒಂದು ಈಚೆ, ಒಂದು ಆಚೆ ಮೂಡುತ್ತವೆ, ಕಾಯಿಯ ಮೈತುಂಬ ರೋಮ. ನಿಮ್ಮ ಗಿಡದ ಎಲೆಗಳಿಗೆ ತೊಟ್ಟೇ ಇಲ್ಲವೆನ್ನಬಹುದು, ಕಾಯಿಯೂ ನುಣ್ಣಗೆ. ಜೋಡಿ ಎಲೆಯ ಇನ್ನೊಂದು ಗುಲಾಬಿ ಹೂವಿನದು, ಇಂಪೇಶಿಯನ್ಸ್ ಆಪೊಸಿಟಿಫೋಲಿಯ, ಅದೇ ಹುಲ್ಲುಗಾವಲಲ್ಲಿ ಸಿಗಬಹುದು. ಅದರ ಬಾಲ ಗಿಡ್ಡ. ನೀರು ಸುರಿಯುವ ಬಂಡೆಗೆ ಅಂಟಿಕೊಂಡು, ಕಾಂಡವೇ ಇಲ್ಲದೆ ಬುಡದಲ್ಲಷ್ಟೇ ಎಲೆ ಬಿಟ್ಟಿದ್ದರೆ ಅದು ಇಂಪೇಶಿಯನ್ಸ್ ಅಕಾಲಿಸ್ ಇದ್ದೀತು.

ಬಾಲವೆಂದಿರಲ್ಲ, ಅದು ಹೂವಿನ ಒಂದು ಪುಷ್ಪಪತ್ರವೇ (ಎಸಳುಗಳ ಹೊರಸುತ್ತಿನ ಭಾಗ) ಕೊಳವೆಯಾಗಿ ಚಾಚಿಕೊಂಡದ್ದು. ಒಳಗೆ ಮಕರಂದ ಇರುತ್ತದೆ, ಉದ್ದ ನಾಲಿಗೆಯ ಕೀಟಗಳಿಗೆ ಮಾತ್ರ ಎಟಕುತ್ತದೆ. ಹೂವಿನ ಬಾಯಿಯನ್ನೂ ನೋಡಿ. ಹೊಸ ಹೂವಿನಲ್ಲಿ ಪರಾಗ ಕೊಡುವ ಕೇಸರಗಳೆಲ್ಲ ಕೂಡಿ, ಹೂವಿನ ಹೆಣ್ಣು ಭಾಗವಾದ ಶಲಾಕೆಯ ಮೇಲೆ ಟೋಪಿಯಂತೆ ಕೂತಿರುತ್ತವೆ. ಪರಾಗ ಕೊಟ್ಟಾದ ಮೇಲೆ ಅದು ಕಳಚಿ ಬಿದ್ದು, ಆಮೇಲೆ ಶಲಾಕೆ ಪರಾಗ ಪಡೆಯಲು ಸಿದ್ಧವಾಗುತ್ತದೆ. ಒಂದೇ ಹೂವು ಮೊದಲು ಗಂಡು, ನಂತರ ಹೆಣ್ಣು!

ಗಿಡವನ್ನು ದಯವಿಟ್ಟು ಕೀಳಬೇಡಿ. ಅದರ ಆಯುಸ್ಸೇ ಒಂದು ಮಳೆಗಾಲ, ಒರತೆ ಬತ್ತಿದರೆ ಒಣಗುತ್ತದೆ. ಕಾಗದದ ನಡುವೆ ಒತ್ತಿಡುವುದೂ ಬೇಡ, ನೀರು ತುಂಬಿದ ತೆಳು ಎಸಳುಗಳು ಮುದ್ದೆಯಾಗಿ ಆಕಾರ ಕಳೆದುಕೊಳ್ಳುತ್ತವೆ. 1911ರಲ್ಲಿ ತೀರಿಕೊಳ್ಳುವವರೆಗೂ ಇದೇ ಕುಲದ ಅಧ್ಯಯನದಲ್ಲಿದ್ದ ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅಂಥವರಿಗೇ ಒಣಗಿಸಿದ ಮಾದರಿಗಳು ಬಹಳ ಕಾಡಿದವು. ಹೂವನ್ನು ಪಕ್ಕದಿಂದ, ಬಾಲ ಪೂರ್ತಿ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಎಲೆ ಕಾಂಡಕ್ಕೆ ಸೇರುವ ಜಾಗದ್ದು ಒಂದು, ಕಾಯಿಯದು ಒಂದು. ಮೂರನ್ನೂ ಕಳಿಸಿಕೊಡಿ.